ಬೀಡಿ ಸುಟ್ಟ ಜೇಬು

ಮೊನ್ನೆ ಮೊಮ್ಮಗಳ ಶಾಲೆಯ ಪ್ಯಾಂಟು ಮೊಣಕಾಲಿನ ಹತ್ತಿರ ಹರಿದಿತ್ತು. ಮೂಡಿಗೆರೆಯ ಫ್ಯಾನ್ಸಿ ಸ್ಟೋರಿನಲ್ಲಿ ಈಗ ತೇಪೆಗಳು ಸಿದ್ಧವಾಗಿಯೇ ಸಿಗುತ್ತವೆ. ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿದರೆ ಅಂಟಿಕೊಳ್ಳುತ್ತವೆ. ಒಂದು ತಂದು ಒತ್ತಿದೆ. ಅಂಟು ಕರಗಿ ಮೇಣದಂಥ, ಸ್ವಲ್ಪ ಸಿಹಿಯಾದ ವಾಸನೆ ಎದ್ದಿತು... ಇಸ್ತ್ರಿ ಪೆಟ್ಟಿಗೆ ಎತ್ತುವುದನ್ನೇ ಮರೆತು ನಿಂತುಬಿಟ್ಟೆ. “ಅಜ್ಜೀ, ಸುಡುತ್ತೆ!” ಎಂದು ಮೊಮ್ಮಗಳು ಕೂಗಿದ ಮೇಲೆಯೇ ಎಚ್ಚರವಾದದ್ದು.

ಆ ವಾಸನೆ ನನ್ನ ಮಟ್ಟಿಗೆ ಒಬ್ಬರಿಗೆ ಸೇರಿದ್ದು. ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುತ್ತಿದ್ದ ರೈಟರ ಹೆಂಡತಿ. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಅವರು ತೀರಿಕೊಂಡು ಈಗ ಒಂದು ತಿಂಗಳ ಮೇಲಾಯಿತು.

ತೊಂಬತ್ತನಾಲ್ಕರಲ್ಲಿ ಮದುವೆಯಾಗಿ ನಾನು ಆ ಎಸ್ಟೇಟಿಗೆ ಬಂದೆ. ನಮ್ಮ ಮನೆಯವರು ಸಾಹುಕಾರರ ಜೀಪು ಓಡಿಸುತ್ತಿದ್ದರು. ರೈಟರದೂ ನಮ್ಮದೂ ಒಂದೇ ಸಾಲಿನ ಕ್ವಾರ್ಟರ್ಸು, ಎರಡೂ ಅಡುಗೆಮನೆಗೆ ಸೇರಿ ಒಂದೇ ಗೋಡೆ. ಕಾಫಿ ಕಾಸಿದಾಗ ಅಕ್ಕ ಆ ಕಡೆಯಿಂದ ಸೌಟಿನಲ್ಲಿ ಗೋಡೆಗೆ ಎರಡು ಸಲ ತಟ್ಟುವರು. ಬಾ ಎಂದು ಅರ್ಥ.

ನಾನು ಬಯಲುಸೀಮೆಯವಳು. ಬಟ್ಟೆ ಒಣಗಿಸುವುದೂ ಒಂದು ವಿದ್ಯೆ ಎಂದು ಅಲ್ಲಿಗೆ ಬಂದ ಮೇಲೆ ತಿಳಿಯಿತು. ಜೂನ್ ಬಂದರೆ ಬಚ್ಚಲ ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಒದ್ದೆ ಬಟ್ಟೆ ಹರವಬೇಕು. ಒಲೆಯಿಂದ ಕಿಡಿ ಹಾರಿದರೆ ತೂತು. ಮೊದಲ ಮಳೆಗಾಲ ಮುಗಿಯುವುದರೊಳಗೆ ನನ್ನ ಸೀರೆಗಳಲ್ಲಿ, ನಮ್ಮ ಮನೆಯವರ ಪಂಚೆಗಳಲ್ಲಿ ಕಡಲೆಕಾಳಿನಷ್ಟು, ಹೆಸರುಕಾಳಿನಷ್ಟು ತೂತುಗಳು. ಒಂದು ಸೀರೆ ಹಿಡಿದುಕೊಂಡು ಅಳುತ್ತಾ ಕೂತಿದ್ದಾಗ ಅಕ್ಕ ಬಂದು ನೋಡಿದರು.

“ಇಷ್ಟಕ್ಕೆಲ್ಲ ಅಳ್ತಾರೇನೇ ಮಾರಾಯ್ತಿ? ಈ ಸಾಲಲ್ಲಿ ತೂತಿಲ್ಲದ ಸೀರೆ ಉಟ್ಟವಳನ್ನ ಒಬ್ಬಳನ್ನ ತೋರಿಸು ನೋಡಾಣ.”

ದರ್ಜಿಗಳು ಶರ್ಟಿನ ಕಾಲರಿನೊಳಗೆ ಹಾಕುವ, ಒಂದು ಮೈಗೆ ಅಂಟು ಹಚ್ಚಿದ ಬಿಳಿ ಬಟ್ಟೆ ಇದೆಯಲ್ಲ, ಪೇಸ್ಟಿಂಗ್ ಎನ್ನುತ್ತಾರೆ. ಪೇಟೆಯ ದರ್ಜಿಯೊಬ್ಬರಿಂದ ಅದರ ಚೂರುಗಳನ್ನು ಅಕ್ಕ ಚೀಲಗಟ್ಟಲೆ ತಂದಿಟ್ಟುಕೊಂಡಿದ್ದರು. ಸೂಜಿ ದಾರ ಮುಟ್ಟುತ್ತಿದ್ದುದು ಕಡಿಮೆ. ಸೀರೆಯ ಒಳತುದಿಯಿಂದ, ಉಟ್ಟಾಗ ಕಾಣದ ಕಡೆಯಿಂದ, ಒಂದು ಚೂರು ಕತ್ತರಿಸುವರು. ತೂತಿನ ಹಿಂದೆ ಪೇಸ್ಟಿಂಗ್ ಇಟ್ಟು, ತೂತಿನ ಬಾಯಿಗೆ ಆ ಚೂರನ್ನು ಸರಿಯಾಗಿ ಕೂರಿಸಿ, ಒದ್ದೆ ಬಟ್ಟೆ ಹಾಸಿ, ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಒತ್ತುವರು. ನನಗೂ ಹಾಗೆಯೇ ಕಲಿಸಿದರು. ಮೂಲೆ ಬಿಟ್ಟರೆ ಅಲ್ಲಿಂದಲೇ ಏಳುತ್ತದೆ, ದುಂಡಗೆ ಕತ್ತರಿಸಬೇಕು. ಉಜ್ಜಬಾರದು, ಒತ್ತಿ ಇಪ್ಪತ್ತು ಎಣಿಸಬೇಕು. ಎಲ್ಲಕ್ಕಿಂತ ಮೊದಲು ಸುಟ್ಟ ಅಂಚನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. “ಕರಕಲು ಉಳಿಸಿದ್ರೆ ತೇಪೆ ನಿಲ್ಲಲ್ಲ” ಎನ್ನುವರು.

ಇಡೀ ಸಾಲಿನ ತೂತು ಮುಚ್ಚುತ್ತಿದ್ದ ಅಕ್ಕನ ಮನೆಯಲ್ಲೇ ಒಂದು ತೂತು ಮುಚ್ಚದೆ ಉಳಿದಿತ್ತು. ರೈಟರ ಬೂದು ಬಣ್ಣದ ಟೆರಿಕಾಟ್ ಶರ್ಟಿನ ಜೇಬಿನಲ್ಲಿ.

ಅದರ ಕಥೆ ಎಸ್ಟೇಟಿಗೆಲ್ಲ ಗೊತ್ತಿತ್ತು. ಒಂದು ಬೆಳಿಗ್ಗೆ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ನಿಂತು ರೈಟರು ಬೀಡಿ ಸೇದುತ್ತಿದ್ದಾಗ ಸಾಹುಕಾರರ ಜೀಪು ತಿರುವಿನಲ್ಲಿ ಬಂದುಬಿಟ್ಟಿತು. ಗಡಿಬಿಡಿಯಲ್ಲಿ ಅವರು ಉರಿಯುವ ಬೀಡಿಯನ್ನೇ ಜೇಬಿಗೆ ಹಾಕಿಕೊಂಡು ಕೈಕಟ್ಟಿ ನಿಂತರಂತೆ. ಸಾಹುಕಾರರು ಎಷ್ಟು ಮೂಟೆ, ಎಷ್ಟು ಆಳು ಎಂದು ಕೇಳುತ್ತಿದ್ದರೆ ಎದೆಯಿಂದ ಹೊಗೆ ಏಳುತ್ತಿತ್ತಂತೆ. ಜೀಪಿನಲ್ಲಿ ಕೂತು ನೋಡಿದ ನಮ್ಮ ಮನೆಯವರು ಅದನ್ನು ನೂರು ಸಲವಾದರೂ ಹೇಳಿದ್ದಾರೆ. “ಏನ್ರೀ ರೈಟರೇ, ಹೊಟ್ಟೆ ಉರೀತಾ ಇದ್ಯಾ?” ಎಂದು ಸಾಹುಕಾರರೇ ಕೇಳಿದ್ದರಂತೆ.

ಟೆರಿಕಾಟಾದ್ದರಿಂದ ತೂತಿನ ಸುತ್ತ ಬಟ್ಟೆ ಕರಗಿ ಕಪ್ಪಗೆ, ಗಟ್ಟಿಯಾಗಿ ಮಣಿಯಂತೆ ನಿಂತಿತ್ತು. ಅಕ್ಕ ಶರ್ಟು ಮಡಿಸುವಾಗಲೆಲ್ಲ ಅದನ್ನು ಬೆರಳಿನಿಂದ ಸವರಿ ಬೈಯುವರು.

“ಕೊಡ್ರೀ, ಎರಡು ನಿಮಿಷದಲ್ಲಿ ಮುಚ್ಚಿಕೊಡ್ತೀನಿ. ಊರಿನವರಿಗೆಲ್ಲ ತೇಪೆ ಹಾಕ್ತಾಳೆ, ಗಂಡನ ಜೇಬು ನೋಡು ಅಂತ ಜನ ನಗ್ತಾರೆ.”

“ಅದೊಂದು ಬಿಡೇ ಮಾರಾಯ್ತಿ. ಅದನ್ನೂ ಮುಚ್ಚಿದ್ರೆ ನಿಂಗೆ ಬೈಯಕ್ಕೆ ಎಂತ ಉಳಿಯುತ್ತೆ?” ಎಂದು ರೈಟರು ನಗುವರು. ಗೋಡೆಯಾಚೆಯಿಂದ ಈ ಮಾತು ನನಗೆ ಎಷ್ಟೋ ಸಲ ಕೇಳಿಸಿದೆ.

ತೊಂಬತ್ತೇಳರಲ್ಲಿ, ಕಾಫಿ ಕುಯ್ಲಿನ ನಡುವೆ, ರೈಟರು ಹಾಜರಿ ಕರೆಯುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಜೀಪು ಓಡಿಸಿದ್ದೂ ನಮ್ಮ ಮನೆಯವರೇ. ದಾರಿಯಲ್ಲಿಯೇ ಹೋಗಿಬಿಟ್ಟಿದ್ದರು... ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ ಅವರ ಬಟ್ಟೆಗಳನ್ನು ಕೇಳಿದವರಿಗೆ ಕೊಟ್ಟರು. ಬೂದು ಶರ್ಟನ್ನು ಮಾತ್ರ ಕೊಡಲಿಲ್ಲ. ಸಾಹುಕಾರರು ಮನೆ ಬಿಡಿಸಲಿಲ್ಲ, ಕಣದಲ್ಲಿ ಕಾಫಿ ಒಣಗಿಸುವವರನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು.

ಮುಂದಿನ ಮಳೆಗಾಲದಲ್ಲಿ ಅಕ್ಕ ಸಂಸೆಗೆ ಕೊಟ್ಟಿದ್ದ ಮಗಳ ಎರಡನೆಯ ಬಾಣಂತನಕ್ಕೆಂದು ಅಲ್ಲಿಗೆ ಹೋದರು. ಮಳೆಯ ದಿನಗಳಲ್ಲಿ ಮುಚ್ಚಿದ ಮನೆಯೊಳಗೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ನಮ್ಮಲ್ಲಿ ಊರಿಗೆ ಹೋಗುವವರು ಪಕ್ಕದವರಿಗೆ ಬೀಗದ ಕೈ ಕೊಟ್ಟು ಹೋಗುವುದು ರೂಢಿ. ವಾರಕ್ಕೊಮ್ಮೆ ಒಲೆ ಹಚ್ಚಿ ಬಟ್ಟೆಗಳಿಗೆ ಬಿಸಿ ತೋರಿಸಬೇಕು. ಅಕ್ಕ ನನಗೆ ಕೊಟ್ಟು ಹೋದರು.

ಟ್ರಂಕಿನ ತಳದಲ್ಲಿ ಆ ಶರ್ಟು ಸಿಕ್ಕಿತು. ಕೊರಳ ಪಟ್ಟಿಗೆ ಬೂಷ್ಟು ಹತ್ತಿತ್ತು. ಒಗೆದು ಹಾಕಿದೆ. ಒಣಗಿದ ಮೇಲೆ ಜೇಬಿನ ತೂತು ಕಂಡಿತು. ಅಕ್ಕ ಇಷ್ಟು ವರ್ಷ ಮುಚ್ಚಬೇಕೆಂದು ಕೇಳಿ ಕೇಳಿ ಸೋತದ್ದು ನೆನಪಾಯಿತು. ಅವರು ನನಗೆ ಮಾಡಿದ್ದಕ್ಕೆಲ್ಲ ನಾನೂ ಒಂದು ಮಾಡಿ ತೋರಿಸಬೇಕು ಎನಿಸಿತು... ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಆ ತೇಪೆಯಷ್ಟು ಚೆನ್ನಾಗಿ ನಾನು ಬೇರೆ ಯಾವುದನ್ನೂ ಹಾಕಿಲ್ಲ. ಕರಕಲು ಅಂಚನ್ನು ಸಣ್ಣ ಕತ್ತರಿಯಿಂದ ಸುತ್ತಲೂ ತೆಗೆದೆ. ಶರ್ಟಿನ ಕೆಳಗಿನ ಒಳಮಡಿಕೆಯಿಂದ ಅದೇ ಬಟ್ಟೆಯ ಚೂರು ತೆಗೆದೆ. ಜೇಬಿನ ಎರಡು ಪದರ ಒಂದಕ್ಕೊಂದು ಅಂಟದಿರಲಿ ಎಂದು ಒಳಗೆ ಕಾಗದ ಇಟ್ಟೆ. ಇಪ್ಪತ್ತು ಎಣಿಸಿದೆ. ಆರಿದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ತೂತು ಎಲ್ಲಿತ್ತೆಂದು ನನಗೇ ಹುಡುಕಬೇಕಾಯಿತು.

ಗೌರಿಹಬ್ಬದ ಹೊತ್ತಿಗೆ ಅಕ್ಕ ಬಂದರು. ಚೀಲ ಕೆಳಗಿಡುವ ಮೊದಲೇ ಶರ್ಟು ತಂದು ತೋರಿಸಿದೆ. ಅವರು ಜೇಬಿನ ಮೇಲೆ ಬೆರಳಾಡಿಸಿದರು. ಒಂದು ಸಲ, ಇನ್ನೊಂದು ಸಲ. ಆಮೇಲೆ ಶರ್ಟನ್ನು ಮೂಗಿನ ಹತ್ತಿರ ಹಿಡಿದರು.

“ಒಗೆದ್ಯಾ?”

“ಹೂಂ ಅಕ್ಕ, ಬೂಷ್ಟು ಬಂದಿತ್ತು.”

“ಕೈ ಪಳಗಿದೆ ನಿಂದು” ಎಂದರು. ಒಳಗೆ ಹೋದರು.

ಮೂರು ದಿನ ಗೋಡೆ ತಟ್ಟುವ ಸದ್ದಿಲ್ಲ. ಪ್ರಯಾಣದ ಆಯಾಸ ಇರಬೇಕು ಎಂದುಕೊಂಡೆ. ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ ತೇಪೆಯ ವಿಷಯ ಹೇಳಿದೆ. ಅವರ ತುತ್ತು ಕೈಯಲ್ಲೇ ಉಳಿಯಿತು.

“ಬೀಡಿ ತೂತು ಮುಚ್ಚಿದ್ಯಾ? ಥೂ, ನಿಂಗೆ ಬುದ್ಧಿ ಎಲ್ಲಿಗೆ ಹೋಗಿತ್ತೇ? ರೈಟರು ಅಂತ ಆ ಮನೇಲಿ ಉಳಿದಿದ್ದೇ ಅದು.”

ಅನ್ನ ಹಾಗೆಯೇ ಬಿಟ್ಟು ಎದ್ದು ಹೋದೆ. ಅಕ್ಕ ಶರ್ಟನ್ನು ಜೇಬು ಮೇಲೆ ಬರುವಂತೆ ಮಂಚದ ಮೇಲೆ ಹಾಸಿದ್ದರು. ಪಕ್ಕದಲ್ಲಿ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ.

“ಬಾ, ಕೂತ್ಕೋ. ಬಿಸಿ ತಾಗಿದ್ರೆ ಅಂಟು ಬಿಡುತ್ತೆ, ನೋಡಾಣ” ಎಂದರು. ಕೋಪದ ಧ್ವನಿಯಲ್ಲ.

“ನಂಗೆ ಹೊಳೀಲೇ ಇಲ್ಲ ಅಕ್ಕ...”

ಅವರು ಪೆಟ್ಟಿಗೆ ಒತ್ತಿ, ಎತ್ತಿ, ಉಗುರಿನಿಂದ ತೇಪೆಯ ಅಂಚನ್ನು ಎಬ್ಬಿಸಿದರು. ಅದು ಮೆಲ್ಲಗೆ ಬಿಟ್ಟು ಬಂತು. ತೂತು ಮತ್ತೆ ಕಾಣಿಸಿತು. ದುಂಡಗೆ, ಶುಭ್ರವಾಗಿ, ಮೊದಲಿಗಿಂತ ದೊಡ್ಡದಾಗಿ. ಅಕ್ಕ ಕಿರುಬೆರಳಿನಿಂದ ಅದರ ಸುತ್ತ ಸವರಿದರು. ಸವರಲು ಅಲ್ಲಿ ಏನೂ ಇರಲಿಲ್ಲ.

“ಇದು ಅದಲ್ಲ” ಎಂದರು.

“ಸುಟ್ಟ ಅಂಚು ಕತ್ತರಿಸಿಬಿಟ್ಟೆ ಅಕ್ಕ.”

“ಕತ್ತರಿಸು ಅಂತ ಹೇಳಿಕೊಟ್ಟವಳು ನಾನೇ ಅಲ್ವಾ.” ತೇಪೆಯನ್ನು ಮಗುಚಿ ನೋಡಿದರು. “ಆ ಕರಕಲು ಚೂರು ಎಲ್ಲಿ ಹಾಕ್ದೆ?”

“ಒಲೆಗೆ...”

ಅಕ್ಕ ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರಿಗೆ ನಗು ಬಂತು, ನಗುವಿನ ಜೊತೆಗೇ ಕಣ್ಣಿನಲ್ಲಿ ನೀರೂ ಬಂತು. “ಸರಿ ಬಿಡು. ಬೀಡಿ ಅರ್ಧ ಮಾಡಿದ ಕೆಲಸಾನ ನೀನು ಪೂರ್ತಿ ಮಾಡ್ದೆ.”

ಆಮೇಲೆ ತೇಪೆಯನ್ನು ನನ್ನ ಕಡೆ ಚಾಚಿ, “ಹಾಕು ವಾಪಸ್ಸು. ಬಿಟ್ಟ ಬಾಯಿ ನೋಡಕ್ಕಾಗಲ್ಲ” ಎಂದರು. ನಾನು ಪೆಟ್ಟಿಗೆಯನ್ನು ಅವರ ಕಡೆಗೇ ಸರಿಸಿದೆ. ಅವರೇ ಹಾಕಿದರು. ಇಪ್ಪತ್ತರವರೆಗೆ ಎಣಿಸಿದ್ದು ಇಬ್ಬರೂ ಸೇರಿ.

ಕುಯ್ಲಿಗೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ಶರ್ಟು ತೊಡುವುದು ಅಲ್ಲಿ ಸಾಮಾನ್ಯ. ರೈಟರ ಹೆಂಡತಿಯಾಗಿದ್ದಾಗ ಅಕ್ಕನಿಗೆ ಅದರ ಅಗತ್ಯ ಬಂದಿರಲಿಲ್ಲ. ಆ ವರ್ಷ ಕಾಫಿ ಕಣಕ್ಕೆ ಬಂದ ದಿನ ಅವರು ಬೂದು ಶರ್ಟು ತೊಟ್ಟು ಬಂದರು. ಟ್ರಂಕಿನಲ್ಲಿಟ್ಟು ಕಾಯಲು ಅದರಲ್ಲಿ ಇನ್ನೇನೂ ಉಳಿದಿರಲಿಲ್ಲವೇನೋ... ಅಥವಾ ಇನ್ನು ತೊಟ್ಟುಬಿಡಬಹುದು ಎಂದು ಮನಸ್ಸಿಗೆ ಬಂದಿರಬೇಕು. ಹತ್ತು ವರ್ಷ ಅದನ್ನೇ ತೊಟ್ಟು ದುಡಿದರು. ನಾನು ಮಾಡಿದ ತಪ್ಪಿನ ಬಗ್ಗೆ ಒಂದು ದಿನವೂ ಒಂದು ಮಾತೂ ಆಡಲಿಲ್ಲ. ಗೋಡೆಯನ್ನು ಮೊದಲಿನಂತೆಯೇ ತಟ್ಟಿದರು.

ಕೈಕಾಲು ಸೋತ ಮೇಲೆ ಅವರು ಸಂಸೆಗೆ, ಮಗಳ ಮನೆಗೆ ಹೋದರು. ನಾವೂ ಎಸ್ಟೇಟ್ ಬಿಟ್ಟು ಮೂಡಿಗೆರೆಗೆ ಬಂದೆವು. ನಮ್ಮ ಮನೆಯವರು ಹೋಗಿ ಎರಡು ವರ್ಷವಾಯಿತು. ಬೀಡಿಯ ಹೊಗೆ ಕಣ್ಣಾರೆ ನೋಡಿದವರು ಯಾರೂ ಈಗ ಇಲ್ಲ.

ಅಕ್ಕನ ಕಾರ್ಯಕ್ಕೆ ಸಂಸೆಗೆ ಹೋಗಿದ್ದೆ. ಊಟವಾದ ಮೇಲೆ ಮಗಳು ನನ್ನ ಪಕ್ಕ ಬಂದು ಕೂತಳು. ಅಪ್ಪನ ಮಾತು, ಅಮ್ಮನ ಮಾತು ಆಡಿಕೊಳ್ಳುತ್ತಾ ಶರ್ಟಿನ ಮಾತೂ ಬಂತು. ಇಷ್ಟು ವರ್ಷದ ಮೇಲೆ ಇವಳ ಹತ್ತಿರವಾದರೂ ಒಪ್ಪಿಕೊಳ್ಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು:

“ಆ ತೇಪೆ ಅಪ್ಪನೇ ಹಾಕಿಸ್ಕೊಂಡಿದ್ದಂತೆ ಅಲ್ವಾ ಚಿಕ್ಕಮ್ಮ? ಹೋಗೋಕೆ ಒಂದು ವಾರ ಮೊದ್ಲು ತಾವಾಗೇ ಶರ್ಟು ಬಿಚ್ಚಿ ಕೊಟ್ರಂತೆ, ‘ತಗೊಳ್ಳೇ ಮಾರಾಯ್ತಿ, ನೀನೇ ಗೆದ್ದೆ’ ಅಂತ. ಅಮ್ಮ ಇದನ್ನ ಹೇಳುವಾಗೆಲ್ಲ ನಗೋರು. ನೀವು ಪಕ್ಕದಲ್ಲೇ ಇದ್ರಲ್ಲ, ಗೊತ್ತಿರ್ಬೇಕು.”

ಹೇಳಬೇಕೆಂದಿದ್ದ ಮಾತನ್ನು ಅಲ್ಲಿಗೇ ಬಿಟ್ಟೆ.

“ಹೌದು ಮಗಾ” ಎಂದೆ. “ಗೋಡೆಯಾಚೆಯಿಂದ ಕೇಳಿಸ್ತಿತ್ತು.”

ಅಕ್ಕ ಹಾಗೆ ಹೇಳಿದ್ದು ನನ್ನ ಹೆಸರು ಬರದಿರಲಿ ಎಂದೋ, ಅಥವಾ ಹಾಗೆಯೇ ಆಗಿದ್ದರೆ ಚೆನ್ನಾಗಿತ್ತು ಎಂದು ಅವರಿಗೇ ಅನಿಸುತ್ತಿತ್ತೋ, ನನಗೆ ತಿಳಿಯದು. ಕಳಸದ ಮೂಲಕ ಮೂಡಿಗೆರೆಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ, ಈಗಲೂ ಯೋಚಿಸುತ್ತೇನೆ. ಅವರಿಗೆ ಕ್ಷಮಿಸಿ ಎಂದು ನಾನು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳದಂತೆ ಅವರು ನನ್ನ ಜೊತೆ ಬದುಕಿಬಿಟ್ಟರು... ಇನ್ನು ಹೇಳೋಣವೆಂದರೆ ಅವರಿಲ್ಲ.