ಮಾವನ ತೋಳಿಗೆ ಕಟ್ಟಿದ ದಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆ ಕಡಲು ಸೇರುವ ಕಡೆಯ ಕಾಂಕ್ರೀಟ್ ಇಳಿಜಾರಿನಲ್ಲಿ ಹಳೆಯ ಟ್ರ್ಯಾಕ್ಟರೊಂದು ಹಿಂದಕ್ಕೆ ಸರಿಯುತ್ತ ತನ್ನ ಟ್ರೇಲರನ್ನು ನೀರಿಗೆ ಇಳಿಸುತ್ತಿದೆ. ಸೊಂಟದ ಮಟ್ಟದ ನೀರಿನಲ್ಲಿ ನಲವತ್ತೊಂದರ ಹೆಂಗಸೊಬ್ಬರು ನಿಂತಿದ್ದಾರೆ. ಬಲಗೈಯಲ್ಲಿ ದೋಣಿಯ ಮೂತಿಗೆ ಕಟ್ಟಿದ ಹಗ್ಗ, ಎಡಮುಷ್ಟಿಯಲ್ಲಿ ತೆಳ್ಳಗಿನ ಹಸಿರು ನೈಲಾನ್ ದಾರ. ದಾರದ ಇನ್ನೊಂದು ತುದಿ ಟ್ರ್ಯಾಕ್ಟರ್ ಓಡಿಸುತ್ತಿರುವ ಅರವತ್ತೇಳರ ಹಿರಿಯರ ತೋಳಿಗೆ ಕಟ್ಟಿದೆ. ಅವರು ಈಕೆಯ ಮಾವ, ಗಂಡನ ತಂದೆ.

ಸೊಸೆ ದಾರವನ್ನು ಒಮ್ಮೆ ಜಗ್ಗುತ್ತಾರೆ. ಟ್ರ್ಯಾಕ್ಟರ್ ನಿಲ್ಲುತ್ತದೆ.

"ಒಂದು ಸಲ ಜಗ್ಗಿದ್ರೆ ನಿಲ್ಲಿಸಿ, ಎರಡಾದ್ರೆ ಹಿಂದಕ್ಕೆ, ಮೂರಾದ್ರೆ ಮುಂದಕ್ಕೆ. ಇಷ್ಟೇ ನಮ್ಮ ಮಾತುಕತೆ" ಎಂದು ಅವರು ಪಿಸುದನಿಯಲ್ಲಿ ಹೇಳುತ್ತಾರೆ. ಎರಡು ವರ್ಷದಿಂದ ಅವರ ಗಂಟಲು ಕೆಟ್ಟಿದೆಯಂತೆ, ಕೂಗಲು ಆಗುವುದಿಲ್ಲವಂತೆ. ಅದಕ್ಕೇ ಈ ದಾರ.

ದೋಣಿಗಳನ್ನು ಟ್ರೇಲರ್ ಮೇಲೆ ಕೂರಿಸಿ ದಡ ಹತ್ತಿಸುವುದು ಇವರಿಬ್ಬರ ಕೆಲಸ. ಇವತ್ತು ಮಧ್ಯಾಹ್ನದೊಳಗೆ ಬಿರುಗಾಳಿಯ ಮುನ್ಸೂಚನೆ ಇದೆ. ಈಗಲೇ ನಾಲ್ಕು ದೋಣಿಗಳು ಸಾಲಿನಲ್ಲಿ ಕಾದಿವೆ. ಹೊಳೆಯ ಸೆಳವು ಬಲಕ್ಕೆ ಎಳೆಯುತ್ತಿದೆ, ಕಡಲಗಾಳಿ ಎಡಕ್ಕೆ ತಳ್ಳುತ್ತಿದೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನನಗೆ ನೀರೆಂದರೆ ಮೊದಲೇ ಅಷ್ಟಕ್ಕಷ್ಟೆ, ದಡದ ಮೇಲೇ ನಿಂತಿದ್ದೇನೆ.

"ಬರೀ ಸೆಳವಿದ್ರೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುತ್ತೆ. ಬರೀ ಗಾಳಿ ಇದ್ರೂ ಗೊತ್ತಿರುತ್ತೆ. ಇವೆರಡೂ ಜಗಳಕ್ಕೆ ಬಿದ್ದ ದಿನ ಯಾವ ಕಡೆ ನಿಂತರೂ ದೋಣಿ ನಮ್ಮ ಮೈಮೇಲೇ ಬರುತ್ತೆ" ಎನ್ನುತ್ತಾರೆ ಸೊಸೆ. ಹೊಸಬರು ಟ್ರೇಲರನ್ನು ಆಳಕ್ಕೆ ಇಳಿಸಿದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರಂತೆ. ಅದೇ ದೊಡ್ಡ ತಪ್ಪು. ಆಳ ಹೆಚ್ಚಾದರೆ ದೋಣಿ ತೇಲುತ್ತಲೇ ಇರುತ್ತದೆ, ಅಡ್ಡ ತಿರುಗುತ್ತದೆ. ಚಕ್ರದ ನಡುಮಟ್ಟಕ್ಕೆ ನೀರು ಬಂದ ಕೂಡಲೇ ಇವರು ದಾರ ಜಗ್ಗುತ್ತಾರೆ.

ದಿನಕ್ಕೆ ಹತ್ತರಿಂದ ಹದಿನೈದು ದೋಣಿ. ಒಂದೊಂದೂ ಒಂದೂವರೆ ಟನ್ ತೂಗುತ್ತದೆ. ದೋಣಿಯ ಮೂತಿಗೆ ಕೊಕ್ಕೆ ಸಿಕ್ಕಿಸಿ, ದೋಣಿಯನ್ನು ಮೇಲಕ್ಕೆಳೆಯುವ ಟ್ರೇಲರಿನ ರಾಟೆಯ ಹಿಡಿಯನ್ನು ಅರವತ್ತಕ್ಕೂ ಹೆಚ್ಚು ಸುತ್ತು ತಿರುಗಿಸಬೇಕು. ಸುತ್ತುಗಳನ್ನು ಎಣಿಸುವ ಅಭ್ಯಾಸ ಎಷ್ಟು ಅಂಟಿಕೊಂಡಿದೆಯೆಂದರೆ, ಹಿಟ್ಟು ಕಲಸುವಾಗಲೂ ಎಣಿಸುತ್ತಾರಂತೆ. ಗಂಡ ಯಾಕೆ ನೀರಿಗೆ ಇಳಿಯುವುದಿಲ್ಲ ಎಂದು ಕೇಳಿದೆ. "ಅವರು ದಡದ ಶೆಡ್ಡಲ್ಲಿ ಎಂಜಿನ್ ರಿಪೇರಿ ಮಾಡ್ತಾರೆ. ನೀರು ಕಂಡ್ರೆ ಆಗಲ್ಲ, ಸ್ನಾನಕ್ಕೇ ಎರಡು ಸಲ ಹೇಳ್ಬೇಕು" ಎಂದು ನಕ್ಕರು.

ಮೊದಲು ನೀರಿನಲ್ಲಿ ನಿಲ್ಲುತ್ತಿದ್ದವರು ಮಾವನೇ. ಇಪ್ಪತ್ತೆರಡು ವರ್ಷ ನಿಂತರು. ಆಗ ಟ್ರ್ಯಾಕ್ಟರ್ ಓಡಿಸುತ್ತಿದ್ದವರು ಅವರ ಅಣ್ಣ. ಒಂಬತ್ತು ವರ್ಷದ ಹಿಂದೆ ಹೀಗೇ ಗಾಳಿ ಎದ್ದ ಒಂದು ಬೆಳಿಗ್ಗೆ, ದೋಣಿಗೂ ಟ್ರೇಲರಿನ ಕಂಬಕ್ಕೂ ನಡುವೆ ಸಿಕ್ಕಿ ಮಾವನ ಮಂಡಿ ಪುಡಿಯಾಯಿತು. ಆ ಸುದ್ದಿ ತೆಗೆಯಲು ನಾನು ಟ್ರ್ಯಾಕ್ಟರಿನ ಪಕ್ಕ ನಿಂತು ಎರಡು ಸಲ ಪ್ರಶ್ನೆ ಕೇಳಿದೆ. ಅವರು ಕನ್ನಡಿಯನ್ನೇ ನೋಡುತ್ತಿದ್ದರು. ಎದುರಿಗೆ ಹೋಗಿ ಕೇಳಿದ ಮೇಲೆ ನನ್ನ ತುಟಿ ನೋಡಿ ಉತ್ತರ ಕೊಟ್ಟರು.

"ನಿಲ್ಲಿಸೋ ಅಂತ ಕೂಗಿದೆ. ಅಣ್ಣಂಗೆ ಕೇಳಿಸ್ಲಿಲ್ಲ. ಗಾಳಿ ಹಾಗಿತ್ತು, ಅವನ ತಪ್ಪಲ್ಲ. ಆದ್ರೆ ಆಮೇಲೆ ಅವನು ಸ್ಟೇರಿಂಗ್ ಮುಟ್ಟಲಿಲ್ಲ. ನಾನು ಇಲ್ಲಿ ಕೂತೆ, ಇವಳು ನೀರಿಗೆ ಇಳಿದಳು. ಒಂದು ವಾರದ ಮಟ್ಟಿಗೆ ಅಂತ ಇಳಿದವಳು."

ಅವರ ಕಿವಿ ಮಂದವಾಗಿದೆ ಎಂದು ನನಗೆ ಅರ್ಥವಾದದ್ದು ಆಗ. ನೀರಿನಲ್ಲಿರುವವರ ಜೀವವೆಲ್ಲ ಆ ಹಸಿರು ದಾರದಲ್ಲೇ ಇದೆ.

ಮೂರನೆಯದು ನೀಲಿ ಬಣ್ಣದ ದೊಡ್ಡ ದೋಣಿ. ಮೂತಿ ಟ್ರೇಲರಿನ ಉರುಳೆಯ ಮೇಲೆ ಕೂತಿದೆ, ಕೊಕ್ಕೆ ಸಿಕ್ಕಿದೆ. ಸೊಸೆ ಮೂರು ಸಲ ಜಗ್ಗುತ್ತಾರೆ. ಟ್ರ್ಯಾಕ್ಟರ್ ನಿಧಾನಕ್ಕೆ ಮೇಲೇರುತ್ತದೆ. ಅಷ್ಟರಲ್ಲಿ ಗಾಳಿ ಒಮ್ಮೆಲೇ ಬೀಸಿ ದೋಣಿಯ ಹಿಂಭಾಗವನ್ನು ಇವರತ್ತ ತಿರುಗಿಸುತ್ತದೆ. ಬೆನ್ನಿಗೆ ಟ್ರೇಲರಿನ ಕಂಬ, ಎದುರಿಗೆ ದೋಣಿಯ ಮೈ. ಸೊಸೆ ದಾರ ಜಗ್ಗುತ್ತಾರೆ. ಮತ್ತೆ ಜಗ್ಗುತ್ತಾರೆ. ದಾರ ಟ್ರೇಲರಿನ ಮಡ್‌ಗಾರ್ಡಿನ ಬೋಲ್ಟಿಗೆ ಸಿಕ್ಕಿಕೊಂಡಿದೆ, ಜಗ್ಗಿದ್ದು ಮಾವನ ತೋಳಿಗೆ ಮುಟ್ಟುತ್ತಿಲ್ಲ.

"ಮಾವಾ, ನಿಲ್ಲಿಸೀ!"

ಕೆಟ್ಟ ಗಂಟಲಿನ ಕೂಗಲ್ಲ ಅದು. ಗಾಳಿಯನ್ನು ಸೀಳಿಕೊಂಡು ಇಡೀ ದಡಕ್ಕೆ ಕೇಳಿಸುತ್ತದೆ. ಸಾಲಿನಲ್ಲಿದ್ದ ದೋಣಿಯವರೆಲ್ಲ ಎದ್ದು ನಿಲ್ಲುತ್ತಾರೆ, ನಾನೂ ಕೂಗುತ್ತೇನೆ. ಟ್ರ್ಯಾಕ್ಟರ್ ಮಾತ್ರ ಇನ್ನೂ ಒಂದು ಮಾರು ಮುಂದಕ್ಕೆ ಹೋಗುತ್ತದೆ. ದೋಣಿಯ ಅಂಚು ಅವರ ಎದೆಗೆ ತಾಗುತ್ತದೆ. ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ, ನಾಚಿಕೆಯಾದರೂ ಇದನ್ನು ಬರೆಯಲೇಬೇಕು.

ಕಣ್ಣು ಬಿಟ್ಟಾಗ ಟ್ರ್ಯಾಕ್ಟರ್ ನಿಂತಿದೆ. ಸೊಸೆ ದೋಣಿಯನ್ನು ಎರಡೂ ಕೈಯಿಂದ ತಳ್ಳಿ, ಸಂದಿಯಿಂದ ಆಚೆ ಬಂದು ಉಸಿರು ಬಿಡುತ್ತಿದ್ದಾರೆ.

ಹೇಗೆ ನಿಲ್ಲಿಸಿದರು ಎಂದು ಆಮೇಲೆ ಮಾವನನ್ನು ಕೇಳಿದೆ. "ನಾನು ಮುಂದಕ್ಕೆ ಹೋಗ್ತಿದ್ರೆ ದಾರ ತೋಳಿಗೆ ಸ್ವಲ್ಪ ಬಿಗಿಯಾಗ್ತಾ, ಸಡಿಲಾಗ್ತಾ ಇರುತ್ತೆ. ಅವಳು ಹಿಂದೆ ನಡೀತಾ ಇದ್ದಾಳೆ ಅಂತ ಗೊತ್ತಾಗುತ್ತೆ. ಇವತ್ತು ಅಲುಗಾಡಲೇ ಇಲ್ಲ. ಯಾಕೋ ಜೀವ ತಡೀಲಿಲ್ಲ" ಎಂದರು.

ಅವರು ಕುಂಟುತ್ತ ಇಳಿದು ಬಂದು ಎಲ್ಲರ ಮುಖ ನೋಡಿದರು. ದೋಣಿಯವರೆಲ್ಲ ತಮ್ಮ ತಮ್ಮ ಹಗ್ಗ ಬಿಗಿಯತೊಡಗಿದರು. ಮಾವ ಬೋಲ್ಟಿನಿಂದ ದಾರ ಬಿಡಿಸಿದರು. ಸೀಟಿನ ಕೆಳಗಿಂದ ಫ್ಲಾಸ್ಕ್ ತೆಗೆದು, ಎರಡು ವರ್ಷದಿಂದ ದಿನಾ ಸ್ವತಃ ಕಾಯಿಸಿ ತರುವ ಉಪ್ಪಿನ ಬಿಸಿನೀರನ್ನು ಸೊಸೆಯ ಮುಂದೆ ಹಿಡಿದರು.

"ಕೂಗಿದೆಯೇನಮ್ಮ?"

ಸೊಸೆ ಅವರ ಎದುರಿಗೆ ಬಂದು ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು: "ಇಲ್ಲ ಮಾವ. ನನ್ನ ಗಂಟಲಲ್ಲಿ ಎಲ್ಲಿಂದ ಕೂಗಲಿ?"

ನಾಲ್ಕನೆಯ ದೋಣಿಯನ್ನೂ ಎತ್ತಿಯೇ ಮನೆಗೆ ಹೊರಟರು, ನಾನೂ ಜೊತೆಗೆ ಹೋದೆ. ಹನ್ನೊಂದರ ಹೊತ್ತಿಗೆ ಹೊರಗೆ ಬಿರುಗಾಳಿ ಕಿಟಕಿ ಬಡಿಯುತ್ತಿದೆ. ನಡುಮನೆಯಲ್ಲಿ ಮಾವ ರೇಡಿಯೋವನ್ನು ಕಿವಿ ಕಿತ್ತುಹೋಗುವಷ್ಟು ಜೋರಾಗಿಟ್ಟು ಪೇಪರ್ ಓದುತ್ತಿದ್ದಾರೆ. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಹಸಿರು ದಾರ ಒಣಗುತ್ತಿದೆ. ಸೊಸೆ ಈಗ ಪಿಸುಗುಡುತ್ತಿಲ್ಲ, ದನಿ ಗಂಟೆಯ ಹಾಗಿದೆ.

"ಗಂಟಲಿಗೆ ಏನೂ ಆಗಿಲ್ಲ ಅಂತ ನಿಮಗೂ ಗೊತ್ತಾಯ್ತಲ್ಲ. ದಡದಲ್ಲಿ ಎಲ್ಲರಿಗೂ ಗೊತ್ತು. ಕಿವಿ ಕೇಳಲ್ಲ, ಬಿಟ್ಟುಬಿಡಿ ಅಂದ್ರೆ ಅವರಿಗೆ ಜೀವ ಹೋದ ಹಾಗಾಗುತ್ತೆ. ಅವತ್ತು ಅವರಣ್ಣಂಗೆ ಕೇಳಿಸದೇ ಹೋದ ನೆನಪು ಬೇರೆ. ಅದಕ್ಕೇ ಕೆಟ್ಟಿದ್ದು ನನ್ನ ಗಂಟಲು ಅಂತ ಹೇಳಿದೆ. ಹೇಳಿದ ಮೇಲೆ ಆ ಉಪ್ಪುನೀರನ್ನೂ ಕುಡೀಬೇಕಲ್ಲ." ನಗಲು ಹೋಗಿ ಅವರ ಕಣ್ಣು ತುಂಬಿತು. "ಇವತ್ತು ಮಾತ್ರ ತುಂಬಾ ಹೆದರಿಕೆ ಆಯ್ತು. ನಂಗೇನಾದ್ರೂ ಆಗಿದ್ರೆ ಅವರು ಉಳೀತಿದ್ರಾ?"

ಕಿವಿಗೆ ಮೆಷಿನ್ ಹಾಕಿಕೊಂಡವರು ಟ್ರ್ಯಾಕ್ಟರ್ ಓಡಿಸಬಹುದೇ ಎಂದು ಸೊಸೆ ಬಂದರಿನ ಕಚೇರಿಯಲ್ಲಿ ಆಗಲೇ ವಿಚಾರಿಸಿದ್ದಾರೆ. ಅಲ್ಲಿಯವರು ಅಡ್ಡಿಯಿಲ್ಲ ಎಂದಿದ್ದಾರೆ. ಅದನ್ನು ಮಾವನಿಗೆ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ. ಸೆಳವಿಗೆ ಎದೆಕೊಡುವ ಹೆಣ್ಣುಮಗಳು ನಡುಮನೆಯ ಹೊಸ್ತಿಲಲ್ಲಿ ಅಳುಕುತ್ತಾರೆ.

ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದೆ. ಅವರು ನಡುಮನೆಯತ್ತ ಇಣುಕಿದರು.

"ಬರೀರಿ. ಭಾನುವಾರದ ಪೇಪರನ್ನ ಅವರು ಒಂದಕ್ಷರ ಬಿಡದೆ ಓದ್ತಾರೆ. ಕೊನೇಲಿ ನಾನು ಹೇಳಿದ ಹಾಗೇ ಎರಡು ಸಾಲು ಹಾಕಿ."

ಅವರು ಹೇಳಿದ ಹಾಗೇ ಹಾಕಿದ್ದೇನೆ:

"ಮಾವ, ನಾಳೆ ಸೋಮವಾರ ಕಿವಿ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ. ಟ್ರ್ಯಾಕ್ಟರಲ್ಲಿ ಬೇರೆ ಯಾರೇ ಕೂತರೂ ನಾನು ನೀರಿಗೆ ಇಳಿಯಲ್ಲ."