ಆಯಿಯ ಅಣ್ಣನ ಕೇಸು

ಯಾದಗಿರಿಯಲ್ಲಿ ವಕೀಲಿಕೆ ಶುರು ಮಾಡಿದ ಹೊಸತು. ನರಮೇಧ ಮಾಡಿದವರ ವಿಚಾರಣೆಗೆ ಹಲವು ದೇಶಗಳು ಸೇರಿ ಕಾಯಂ ಕೋರ್ಟು ತೆರೆದ ಸುದ್ದಿ ಪೇಪರಿನಲ್ಲಿ ಬಂತು. ಅದನ್ನು ಹೇಳಲೆಂದೇ ಸುರಪುರದ ಹತ್ತಿರದ ನಮ್ಮೂರಿಗೆ ಹೋದೆ. ಕೇಳಬೇಕಾದವಳು ಆಯಿ, ನನ್ನ ತಂದೆಯ ತಾಯಿ. ನಿಜಾಮನ ಆಳ್ವಿಕೆ ಮುಗಿಯುವ ಗದ್ದಲದ ವರ್ಷ ಆಕೆಯ ಕಣ್ಣೆದುರೇ ಅಣ್ಣನನ್ನು ಹಿಡಿದೊಯ್ದಿದ್ದರು. ಒಯ್ದವರ ಮುಂದಾಳು ಊರಿನವನೇ. ಅಣ್ಣ ತಿರುಗಿ ಬರಲಿಲ್ಲ, ಹೆಣ ಸಿಗಲಿಲ್ಲ, ಕೇಸೂ ಆಗಲಿಲ್ಲ. ಆಯಿಯನ್ನು ಕೊಟ್ಟದ್ದೂ ಅದೇ ಊರಲ್ಲಿ. ಜೀವಮಾನವಿಡೀ ಆ ಮುಂದಾಳಿನೆದುರೇ ಸೆರಗು ಮುಂದೆಳೆದುಕೊಂಡು ಓಡಾಡಿದಳು.

"ಇನ್ನ ರಾಜ ಇದ್ರೂ ಬಿಡಂಗಿಲ್ಲ ಆಯಿ. ಎಷ್ಟು ವರ್ಷ ಆದ್ರೂ ಅಂಥ ಗುನ್ಹೆ ಹಳೇದಾಗಂಗಿಲ್ಲ," ಎಂದೆ.

ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು. "ನಮ್ಮಣ್ಣಂದು ತಗೋತಾರೇನು?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಕೋರ್ಟು ತಾನು ಶುರುವಾದ ಮೇಲಿನ ಅಪರಾಧಗಳನ್ನಷ್ಟೇ ನೋಡುತ್ತದೆ, ನಮ್ಮ ದೇಶ ಅದಕ್ಕೆ ಸಹಿಯನ್ನೂ ಹಾಕಿಲ್ಲ ಎಂದು ಹೇಳಬೇಕಾಯಿತು.

"ಹಂಗಾದ್ರ ಮುಂದ ಸಾಯೋರಿಗಿ ಅದ ಅನ್ನು," ಎಂದು ಎದ್ದಳು. "ನಡಿ, ಅವನ ಮನಿಗಿ ಹೋಗೂಣು."

ಅಣ್ಣನನ್ನು ಒಯ್ದವನು ಈಗ ಲಕ್ವಾ ಹೊಡೆದು, ಕೈಕಾಲು ಬಿದ್ದು ಹೊರಸಿನ ಮೇಲೆ ಮಲಗಿದ್ದ. ಸೊಸೆ ಚಹಾ ಮಾಡಲು ಒಳಗೆ ಹೋದಳು. ಆಯಿ ಅವನ ಕಿವಿಯ ಹತ್ತಿರ ಬಾಗಿದಳು. "ಎಲ್ಲಿ ಹಾಕಿದ್ರಿ?"

ಅವನು ಜಂತಿ ನೋಡುತ್ತಲೇ, "ಹಳೇ ತ್ವಾಟದ ಬಾವ್ಯಾಗ," ಎಂದು ತೊದಲಿದ.

ನಾರಾಯಣಪುರ ಅಣೆಕಟ್ಟಿನ ಕಾಲುವೆ ಬಂದಾಗ ಆ ಬಾವಿ ಕಾಲುವೆಯ ಒಡ್ಡಿನ ಮಣ್ಣಿನಡಿ ಹೋಗಿತ್ತು. ಅದರ ಮೇಲೆಯೇ ಆಯಿ ದಿನಾ ಭತ್ತದ ಹೊಲಕ್ಕೆ ನಡೆದು ಹೋಗುತ್ತಿದ್ದಳು.

"ಜೀವ ಇತ್ತೇನು ಆಗ?"

ಅವನು ಕಣ್ಣು ಮುಚ್ಚಿದ. ಸೊಸೆ ತಂದ ಚಹಾವನ್ನು ಆಯಿ ಮುಟ್ಟಲಿಲ್ಲ. ಮರುದಿನದಿಂದ ಒಡ್ಡಿನ ದಾರಿ ಬಿಟ್ಟು, ಸುತ್ತು ಹಾಕಿ ಹೊಲಕ್ಕೆ ಹೋದಳು.

ಮಳೆಗಾಲದಲ್ಲಿ ಅವನು ಸತ್ತ. ಊರೆಲ್ಲ ಸೇರಿತ್ತು, ನಾನೂ ಯಾದಗಿರಿಯಿಂದ ಬಂದಿದ್ದೆ. ಹಿರಿಯನೊಬ್ಬ, "ಯಾರಿಗೂ ಕೇಡು ಬಯಸಿದ ಮನುಷ್ಯಾ ಅಲ್ಲ," ಎಂದ.

ಹೆಂಗಸರ ನಡುವಿನಿಂದ ಆಯಿ ಎದ್ದಳು. "ನಮ್ಮಣ್ಣನ್ನ ಕೊಂದಾನ. ಬಾವ್ಯಾಗ ಹಾಕ್ಯಾನ. ಅವನೇ ಹೇಳ್ಯಾನ. ನನ್ನ ಮೊಮ್ಮಗ ಸಾಕ್ಷಿ."

ಎಲ್ಲರೂ ನನ್ನತ್ತ ತಿರುಗಿದರು. "ಹೌದು" ಎಂದೆ. ಯಾರೋ ಹಲಗೆ ಬಾರಿಸುವವರಿಗೆ ಸನ್ನೆ ಮಾಡಿದರು, ಹೆಣ ಎತ್ತಿದರು.

ಈಗ ಕಾನೂನು ಓದುವ ಹುಡುಗರು ಆ ಕೋರ್ಟಿನ ಮುಂದಿನ ಗತಿ ಕೇಳುತ್ತಾರೆ. ದೊಡ್ಡ ದೇಶಗಳು ಅದನ್ನು ಲೆಕ್ಕಕ್ಕಿಡುವುದಿಲ್ಲ, ವಾರಂಟಿದ್ದವರೂ ವಿಮಾನ ಹತ್ತಿ ತಿರುಗುತ್ತಾರೆ ಎನ್ನುತ್ತೇನೆ. ಆದರೂ ಅದು ಉಳಿಯಲಿ. ನಾಲಿಗೆ ನೆಟ್ಟಗಿದ್ದಾಗಲೇ ಆ ಮುದುಕನನ್ನು ಯಾರಾದರೂ ಕಟಕಟೆಗೆ ಹತ್ತಿಸಬೇಕಿತ್ತು.