ಪಾದದ ಅಳತೆಯ ಹಾಳೆ

ಅಥಣಿಯಲ್ಲಿ ಚಪ್ಪಲಿ ಮಾಡುವ ಪರಸಪ್ಪ ಕಾಕಾಗೆ ಹೊರದೇಶದ ಗಿರಾಕಿಯೊಬ್ಬ ಬಿಟ್‌ಕಾಯಿನ್‌ನಲ್ಲಿ ದುಡ್ಡು ಕಳಿಸಿದ್ದ. ಅದನ್ನು ಪೇಮೆಂಟ್ ಆ್ಯಪ್‌ನಿಂದ ಅವರದೇ ವಾಲೆಟ್‌ಗೆ ದಾಟಿಸಿಕೊಡಲು ಹೋಗಿದ್ದೆ. ಹೊಸ ವಾಲೆಟ್ ತೆರೆದ ಕೂಡಲೇ ಹನ್ನೆರಡು ಗುಪ್ತ ಪದಗಳನ್ನು ತೋರಿಸಿತು.

“ಇವನ್ನ ಬರಕೊಳ್ರಿ ಕಾಕಾ. ಇವು ಸಿಕ್ಕವರಿಗೆ ದುಡ್ಡೆಲ್ಲಾ ಸಿಕ್ಕಂಗ. ಯಾರಿಗೂ ತೋರಸಬ್ಯಾಡ್ರಿ, ನನಗೂ,” ಎಂದು ಗೋಡೆಯ ಕಡೆ ತಿರುಗಿ ಕೂತೆ.

ಕಾಕಾ ನೊಂದುಕೊಂಡರು. “ನಮ್ಮ ಮನಿ ಚಾ ಕುಡದೀರಿ. ನಿಮ್ಮಿಂದ ಏನ್ ಮುಚ್ಚೂದ್ರಿ ಸರ?”

ಆದರೂ ಒಂದೊಂದೇ ಅಕ್ಷರ ನೋಡಿ ಬರೆದುಕೊಂಡರು. ದುಡ್ಡು ವಾಲೆಟ್‌ಗೆ ಬಂತು. ನಾನು ಕೂಲಿ ಬೇಡವೆಂದರೂ ಬಿಡಲಿಲ್ಲ. ಕೈಗೆ ಸಿಕ್ಕ ಹಾಳೆಯ ಮೇಲೆ ನನ್ನ ಪಾದ ಇರಿಸಿ, ಸುತ್ತ ಪೆನ್ಸಿಲಿನಿಂದ ಗೀಟು ಎಳೆದುಕೊಂಡರು.

ಎಂಟು ದಿನಕ್ಕೆ ಚಿಕ್ಕೋಡಿಯ ನಮ್ಮ ಮನೆಗೆ ಚಪ್ಪಲಿ ಬಂತು. ಜೊತೆಗೆ ಅಳತೆಯ ಹಾಳೆಯೂ ಇತ್ತು. ತಿರುವಿದರೆ ಹಿಂದೆ ಹನ್ನೆರಡು ಪದ!

ಗಾಬರಿಯಿಂದ ಫೋನ್ ಮಾಡಿದೆ. “ಕಾಕಾ, ಆ ಪದ ಬರದ ಹಾಳಿ ಎಲ್ಲೈತ್ರಿ?”

“ಭದ್ರ ಇಟ್ಟೀನ್ರಿ ಸರ. ಎಷ್ಟು ಭದ್ರ ಅಂದ್ರ, ನಾಕು ದಿನಾ ಆತು, ನನಗೂ ಸಿಗವಲ್ದು.”

ಹೊಸ ಚಪ್ಪಲಿ ಕಚ್ಚುತ್ತಿದ್ದರೂ ಅದನ್ನೇ ಮೆಟ್ಟಿಕೊಂಡು ಅಥಣಿ ಬಸ್ ಹತ್ತಿದೆ.